ನಾಲ್ಕು ಸಾಲು ಬರೆದು ತಂದರೆ ಮಾತ್ರ ಡೌಟ್

ಮಂಗಳೂರಿನ ಬೆಂದೂರ್‌ವೆಲ್‌ನಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು ಶನಿವಾರ, ಭಾನುವಾರ ಜಾಂಗೋ ಹೇಳಿಕೊಡುತ್ತೇನೆ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್. ಐದು ವರ್ಷ ಆಗುತ್ತಾ ಬಂತು. ಮೊದಲ ಬ್ಯಾಚಿಗೆ 20 ಮಂದಿ ಸೇರಿ ಕೊನೆಗೆ ಉಳಿದದ್ದು ಆರೋ ಏಳೋ. ಈ ಸಲ 14ರಲ್ಲಿ 12 ಮಂದಿ ಸ್ವಂತ ಸೈಟ್ ಮಾಡಿ ಸರ್ವರ್‌ಗೆ ಏರಿಸಿದರು. ಊರಲ್ಲಿ ಇಷ್ಟು ಚೆಂದದ ಬ್ಯಾಚ್ ಬೇರೆ ಯಾರದ್ದೂ ನಾನು ನೋಡಿಲ್ಲ. ಪಾಠ ಅದೇ. ಬದಲಾದದ್ದು ಡೌಟ್ ಕೇಳುವ ಕ್ರಮ.

ಮೊದಲು ವಾಟ್ಸಾಪ್ ಗುಂಪು ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಪರದೆಯ ಓರೆ ಫೋಟೋ ಬರುತ್ತಿತ್ತು, ಕೆಳಗೆ "ಸರ್, ಆಗ್ತಾ ಇಲ್ಲ". ಕಮಾಂಡ್ ಕೊಡುವ ಕಿಟಕಿಯ, ಅಂದರೆ ಟರ್ಮಿನಲ್‌ನ ಮೇಲಿನ ಹತ್ತು ಸಾಲು ಇರುತ್ತಿತ್ತು, ನನಗೆ ಬೇಕಾದ ಕೊನೇ ಸಾಲೇ ಇರುತ್ತಿರಲಿಲ್ಲ.

ಆಮೇಲೆ ಡೌಟ್ ನೋಡಲಿಕ್ಕೆಂದೇ ಒಬ್ಬ ಹುಡುಗನನ್ನು ಇಟ್ಟೆ. ತಿಂಗಳಿಗೆ 8 ಸಾವಿರ, ಐದು ತಿಂಗಳು. ಹುಡುಗ ಬಹಳ ಚುರುಕು. ಕೀಬೋರ್ಡ್ ಎಳೆದುಕೊಂಡು ಎರಡು ನಿಮಿಷದಲ್ಲಿ ಸರಿ ಮಾಡಿ ಕೊಡುತ್ತಿದ್ದ. ಕಲಿಯುವವರು ಸುಮ್ನೆ ನೋಡುತ್ತಿದ್ದರು, ಮುಂದಿನ ವಾರ ಅದೇ ತಪ್ಪು ಹಿಡಿದುಕೊಂಡು ಬರುತ್ತಿದ್ದರು. 40 ಸಾವಿರ ಹೋಯಿತು.

ವಿಡಿಯೋ ಕೂಡ ಮಾಡಿದೆ, ಮೂವತ್ತರ ಹತ್ತಿರ. 2023ರ ಡಿಸೆಂಬರ್‌ನಲ್ಲಿ ಜಾಂಗೋ 5.0 ಬಂತು. ನನ್ನ ವಿಡಿಯೋ ನೋಡಿ ಹಾಕಿದ ಲಾಗೌಟ್ ಲಿಂಕ್ ಒತ್ತಿದರೆ 405 ಎರರ್. ಆ ವರ್ಷನ್‌ನಿಂದ ಲಾಗೌಟ್‌ಗೆ ಪೋಸ್ಟ್ ಮಾಡಲೇಬೇಕು, ಅಂದರೆ ಫಾರ್ಮ್‌ನ ಬಟನ್ ಒತ್ತಿ ಕಳಿಸಬೇಕು, ಬರೀ ಲಿಂಕ್ ಸಾಲದು. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ತಾವೇ ಏನೋ ಕೆಡಿಸಿದೆವು ಅಂತ ಇಬ್ಬರು ಕ್ಲಾಸಿಗೆ ಬರುವುದನ್ನೇ ಬಿಟ್ಟರು. ಅದು ನನಗೆ ಇವತ್ತಿಗೂ ಬೇಜಾರು.

ಆಗಲೇ ನೋಟ್‌ಬುಕ್ ತಂದೆ. ಕೇಳುವ ಮೊದಲು ಪೆನ್ನಲ್ಲಿ ನಾಲ್ಕು ಸಾಲು ಬರೆಯಬೇಕು. ಏನು ಮಾಡಲು ಹೊರಟೆ, ಎರರಿನ ಕೊನೇ ಸಾಲು ಒಂದಕ್ಷರ ಬಿಡದೆ, ಕೊನೆಗೆ ಮುಟ್ಟಿದ ಫೈಲ್ ಯಾವುದು, ಇಲ್ಲಿವರೆಗೆ ಏನೇನು ಮಾಡಿ ನೋಡಿದೆ. ಸುರತ್ಕಲ್‌ನ ನನ್ನ ಗೆಳೆಯ ಕಂಪನಿಯಲ್ಲಿ ದೊಡ್ಡ ಟೀಮ್ ನೋಡುತ್ತಾನೆ. "ಕಂಪ್ಯೂಟರ್ ಕ್ಲಾಸಲ್ಲಿ ಕಾಪಿ ಬರೆಸ್ತೀಯಾ ಮಾರಾಯಾ? ಎಲ್ಲ ಓಡಿ ಹೋಗ್ತಾರೆ" ಅಂದ. ಮೊದಲ ವಾರ ಇಬ್ಬರು ಹೋದದ್ದೂ ನಿಜ. ತಲಾ 4 ಸಾವಿರದಂತೆ ಫೀಸು ವಾಪಸ್ ಕೊಟ್ಟೆ.

ಮೂರನೇ ವಾರ ಮೂಡುಬಿದಿರೆಯಿಂದ ಬರುವ ಹುಡುಗಿಯೊಬ್ಬಳು ಡೇಟಾಬೇಸ್‌ನಲ್ಲಿ ಟೇಬಲ್ ಇಲ್ಲ ಅನ್ನುವ ಎರರ್ ಬರೆಯಲು ಕೂತಳು. ಮೂರನೇ ಸಾಲಿನಲ್ಲಿ ಮಾಡೆಲ್ಸ್ ಫೈಲ್ ಅಂತ ಬರೆದಳು, ಟೇಬಲ್ ಹೇಗಿರಬೇಕು ಅಂತ ಬರೆಯುವುದು ಅದರಲ್ಲೇ. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ಬದಲಾವಣೆಯನ್ನು ಬರೆದಿಡುವ ಮೇಕ್‌ಮೈಗ್ರೇಷನ್ಸ್ ಕಮಾಂಡ್ ಕೊಟ್ಟಿದ್ದಳು, ಅದನ್ನು ಡೇಟಾಬೇಸ್‌ಗೆ ಹಾಕುವ ಮೈಗ್ರೇಟ್ ಕೊಟ್ಟಿರಲಿಲ್ಲ. ಪುಸ್ತಕ ಮುಚ್ಚಿ, ನನ್ನನ್ನು ಕರೆಯದೆ ಸೀಟಿಗೆ ಹೋದಳು. ನನಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ. ಈಗ ಹತ್ತು ಡೌಟಿನಲ್ಲಿ ಐದಾರು ನನ್ನವರೆಗೆ ಬರುವುದೇ ಇಲ್ಲ. ಬಂದರೂ ನಾನು ಕೀಬೋರ್ಡ್ ಮುಟ್ಟುವುದಿಲ್ಲ.

ಇಂಗ್ಲಿಷ್‌ನಲ್ಲೇ ಬರೆಯಬೇಕು ಅಂತ ಮೊದಲು ಹಠ ಹಿಡಿದಿದ್ದೆ, ಅದು ತಪ್ಪು. ಎರರ್ ಸಾಲು ಇದ್ದ ಹಾಗೆ ಇರಲಿ, ಉಳಿದದ್ದು ಬಾಯಿಗೆ ಬರುವ ಭಾಷೆಯಲ್ಲಿ. ಒಬ್ಬ ಕನ್ನಡ ಅಕ್ಷರದಲ್ಲೇ ತುಳು ಬರೆದ: "ಟೇಬಲ್ ಇಜ್ಜಿಂದ್ ಪಣ್ಪುಂಡು", ಟೇಬಲ್ ಇಲ್ಲ ಅನ್ನುತ್ತದೆ ಅಂತ. ಇದಕ್ಕಿಂತ ಸ್ಪಷ್ಟ ಬೇಕಾ?

ನಡುವೆ ಚಾಟ್‌ಜಿಪಿಟಿಯನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ ನೋಡಿದೆ. ಉಪಯೋಗ ಆಗಲಿಲ್ಲ, ಮನೆಗೆ ಹೋಗಿ ಕೇಳುತ್ತಿದ್ದರು. ಈಗ ಆ ನಾಲ್ಕು ಸಾಲನ್ನೇ ಅದಕ್ಕೂ ಕೊಡಿ ಅನ್ನುತ್ತೇನೆ. ಉತ್ತರ ಎಷ್ಟೋ ವಾಸಿ. ಆದರೆ ಕೆಲವು ಸಲ ಹಳೇ ಕೋಡ್ ಕೊಡುತ್ತದೆ, ಜಾಂಗೋ 4.0ರಲ್ಲೇ ತೆಗೆದು ಹಾಕಿದ ಯುಆರ್‌ಎಲ್ ಫಂಕ್ಷನ್ ಬಂದದ್ದೂ ಉಂಟು. ಅದಕ್ಕೇ ಐದನೇ ಸಾಲು ಸೇರಿಸಿದೆ, ಜಾಂಗೋ ವರ್ಷನ್ ಎಷ್ಟು ಅಂತ.

ಜುಲೈ ಮಳೆಗೆ ಕರೆಂಟ್ ಹೋದಾಗ ಪುಸ್ತಕ ಅದಲು ಬದಲು ಮಾಡಿಸುತ್ತೇನೆ. ಒಬ್ಬರ ಡೌಟಿಗೆ ಇನ್ನೊಬ್ಬರು ಉತ್ತರ ಬರೆಯಬೇಕು. ಯಾರ ಪುಸ್ತಕ ಯಾರ ಕೈಗೆ ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದು ನನ್ನಲ್ಲೇ ಇರಲಿ.

ಒಂದು ಬ್ಯಾಚಿಗೆ ಪುಸ್ತಕದ ಖರ್ಚು 500 ರೂಪಾಯಿ ದಾಟುವುದಿಲ್ಲ. ಹಳೆಯವು ಅರವತ್ತರ ಹತ್ತಿರ ಇವೆ, ರಜೆಯಲ್ಲಿ ಕೂತು ಓದಿದೆ. ಜಾಸ್ತಿ ಬಂದದ್ದು ಮೂರು: ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಬೇರೆ ಇಡುವ ಪೈಥಾನ್) ಆನ್ ಮಾಡದ್ದು, ಮೈಗ್ರೇಟ್ ಮರೆತದ್ದು, ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಹೆಸರು ಸೇರಿಸದ್ದು. ಈಗ ಮೊದಲ ದಿನವೇ ಈ ಮೂರನ್ನೂ ನಾನೇ ಬೇಕೆಂದು ಕೆಡಿಸಿ ಇಡುತ್ತೇನೆ, ಪುಸ್ತಕ ತೆಗೆಯಿರಿ ಅನ್ನುತ್ತೇನೆ. ಸುರತ್ಕಲ್‌ನ ಗೆಳೆಯ ಕಳೆದ ತಿಂಗಳು ಬಂದು ಒಂದು ಪುಟದ ಫೋಟೋ ತೆಗೆದುಕೊಂಡು ಹೋದ. ಅವನ ಟೀಮಿಗೆ ಹೊಸಬರು ಬಂದಿದ್ದಾರಂತೆ.