ಇರುವುದು ಎರಡೇ ಕೈ

ಪುಟ್ಟ ಮಗನೊಂದಿಗೆ ಒಬ್ಬಳೇ ವಿಮಾನದಲ್ಲಿ ದೆಹಲಿಗೆ ಹೊರಡುವ ಹಿಂದಿನ ಸಂಜೆ ಅವನನ್ನು ಕಂಕುಳಲ್ಲಿ ಎತ್ತಿಕೊಂಡು, ಬೆನ್ನಿಗೆ ಚೀಲ ಏರಿಸಿ, ಅಂಕೋಲೆಯ ನಮ್ಮ ಮನೆಯ ಜಗುಲಿಯಿಂದ ಅಡುಗೆಮನೆಯವರೆಗೆ ನಾಲ್ಕು ಸಲ ಓಡಾಡಿದೆ. ನಡೆಯುತ್ತಲೇ ಚೀಲದಿಂದ ಹಾಲಿನ ಬಾಟಲಿ ತೆಗೆಯಬೇಕು, ಮುಚ್ಚಬೇಕು, ಮೊಬೈಲ್ ತೆಗೆದು ಟಿಕೆಟ್ ತೋರಿಸಬೇಕು, ಮತ್ತೆ ಒಳಗಿಡಬೇಕು. ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿ, "ಇದೇನೇ, ಯಕ್ಷಗಾನದ ಪ್ರವೇಶವೇ?" ಎಂದು ಕೇಳಿದರು. ನಾಲ್ಕನೆಯ ಸುತ್ತಿನ ಹೊತ್ತಿಗೆ ಚೀಲದ ಅರ್ಧ ಸಾಮಾನು ಮಂಚದ ಮೇಲಿತ್ತು. ಒಂದೇ ಕೈಯಿಂದ ತೆರೆಯಲಾಗದ್ದನ್ನೆಲ್ಲ ಹೊರಗೆ ಹಾಕಿದ್ದೆ. ಮೊದಲು ಹೋದದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ.

ಅಷ್ಟು ದಿನ ಎಲ್ಲರೂ ನನ್ನನ್ನು ಹೆದರಿಸಿದ್ದು ಮಗು ಅಳುತ್ತದೆ ಎಂದು. ಅತ್ತರೆ ಅಳಲಿ, ಬಸ್ಸಿನಲ್ಲಿ ಅಳುವುದಿಲ್ಲವೇ? ನನ್ನ ಭಯ ಬೇರೆಯದಾಗಿತ್ತು. ಗಂಡ ಜೊತೆಗಿದ್ದರೆ ಒಬ್ಬರು ಮಗುವನ್ನು ಹಿಡಿದರೆ ಇನ್ನೊಬ್ಬರು ಸಾಮಾನು ನೋಡಿಕೊಳ್ಳುತ್ತಾರೆ. ಒಬ್ಬಳೇ ಹೋಗುವಾಗ ನನಗೆ ಎರಡೂ ಕೈ ಬೇಕಾದ ಗಳಿಗೆಯಲ್ಲಿ ಇವನು ಎಲ್ಲಿರುತ್ತಾನೆ? ದಾರಿಯ ಒಂದೊಂದು ಹಂತಕ್ಕೂ ಈ ಪ್ರಶ್ನೆ ಹಾಕಿಕೊಂಡು ತಯಾರಿ ಮಾಡಿದೆ. ಲೆಕ್ಕ ಹಿಡಿದಲ್ಲಿ ಪ್ರಯಾಣ ಸಲೀಸಾಗಿ ಸಾಗಿತು, ತಪ್ಪಿದಲ್ಲಿ ಪೇಚಿಗೆ ಸಿಕ್ಕಿಕೊಂಡೆ.

ಪತಿಗೆ ದೆಹಲಿಗೆ ವರ್ಗವಾಗಿತ್ತು. ನಾನು ಇಲ್ಲಿಯೇ ಶಾಲೆಯಲ್ಲಿ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಹೋಗಿಬರುವುದೆಂದು ನಿರ್ಧಾರವಾಯಿತು. ಕಾರವಾರದಿಂದ ರೈಲಿದೆ, ಆದರೆ ಒಂದು ದಿನಕ್ಕೂ ಮಿಕ್ಕಿದ ಪಯಣ. ಎರಡು ವರ್ಷ ತುಂಬದ ಮಗುವಿನೊಂದಿಗೆ ಅದನ್ನು ಮಾಡಿದವರಿಗೆ ನನ್ನ ನಮಸ್ಕಾರ. ನಾನು ಗೋವಾಕ್ಕೆ ಹೋಗಿ ವಿಮಾನ ಹಿಡಿಯುವುದೆಂದುಕೊಂಡೆ.

ಟಿಕೆಟ್ ತೆಗೆಯುವಾಗಲೇ ಒಂದು ಗುಂಡಿಗೆ ಬೀಳುವವಳಿದ್ದೆ. ನಮ್ಮ ಕರಾವಳಿಯವರು ಇದನ್ನು ಗಮನಿಸಬೇಕು. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಾಬೋಲಿಂ ಹಳೆಯದು, ಟಿಕೆಟ್ಟಿನಲ್ಲಿ ಜಿಒಐ ಎಂದಿರುತ್ತದೆ. ಮೋಪಾದ್ದು 2023ರ ಜನವರಿಯಲ್ಲಿ ಶುರುವಾದದ್ದು, ಅದರ ಸಂಕೇತ ಜಿಒಎಕ್ಸ್. ಮೊಬೈಲಿನಲ್ಲಿ ಹುಡುಕಿದರೆ ಎರಡಕ್ಕೂ ದೊಡ್ಡ ಅಕ್ಷರದಲ್ಲಿ 'ಗೋವಾ' ಎಂದೇ ಕಾಣಿಸುತ್ತದೆ. ನನಗೆ ಕಂಡ ಅಗ್ಗದ ಟಿಕೆಟ್ ಮೋಪಾದ್ದು. ಅದು ಗೋವಾದ ಉತ್ತರ ತುದಿಯ ಪೆಡ್ನೆಯಲ್ಲಿದೆ, ನಾವು ಗೋವಾಕ್ಕೆ ದಕ್ಷಿಣ ತುದಿಯಿಂದ ಹೊಗುವವರು. ಮಗುವನ್ನು ಕಾರಿನಲ್ಲಿ ಇಡೀ ಗೋವಾ ದಾಟಿಸಿ ಏಳುನೂರು ರೂಪಾಯಿ ಉಳಿಸುವ ಜಾಣತನ ಬೇಡವೆಂದು ದಾಬೋಲಿಂನದನ್ನೇ ತೆಗೆದೆ.

ಇನ್ನೊಂದು, ವಯಸ್ಸಿನ ವಿಷಯ. ಎರಡು ವರ್ಷ ತುಂಬುವವರೆಗೆ ಮಗು ಮಡಿಲಲ್ಲಿ ಕೂರಬಹುದು, ಅದಕ್ಕೆ ಸಣ್ಣ ಶುಲ್ಕವಿರುತ್ತದೆ. ತುಂಬಿದ ಮೇಲೆ ಪ್ರತ್ಯೇಕ ಸೀಟು ಬೇಕು. ವಯಸ್ಸನ್ನು ಲೆಕ್ಕ ಹಾಕುವುದು ಟಿಕೆಟ್ ತೆಗೆದ ದಿನಕ್ಕಲ್ಲ, ಪ್ರಯಾಣದ ದಿನಕ್ಕೆ, ಅದೂ ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ. ನನ್ನ ಮಗನ ಹುಟ್ಟುಹಬ್ಬ ಎರಡರ ನಡುವೆ ಬಂದಿತ್ತು. ಹಾಗಾಗಿ ಹೋಗುವಾಗ ಮಡಿಲು, ಬರುವಾಗ ಸೀಟು. ವಯಸ್ಸಿನ ದಾಖಲೆಗೆ ಪುರಸಭೆಯ ಜನನ ಪ್ರಮಾಣಪತ್ರವನ್ನೂ ನೀಲಿ ಬಣ್ಣದ ಬಾಲ ಆಧಾರನ್ನೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ನೋಡಲು ಚುನಾವಣಾ ಕರ್ತವ್ಯಕ್ಕೆ ಹೊರಟ ಹಾಗಿತ್ತು. ಆದರೆ ಆ ದಿನ ನಾನು ಮಾಡಿದ ಅತ್ಯುತ್ತಮ ಕೆಲಸ ಅದೇ. ಕೊರಳಲ್ಲಿರುವುದನ್ನು ಎತ್ತಿ ತೋರಿಸಲು ಎರಡು ಬೆರಳು ಸಾಕು.

ತಳ್ಳುಗಾಡಿ ಒಯ್ಯು ಎಂದು ನಾದಿನಿ ತನ್ನ ಮಗಳದ್ದನ್ನು ತಂದುಕೊಟ್ಟಿದ್ದಳು. ಅದನ್ನು ಮಡಿಸಲು ಎರಡು ಕೈ ಮತ್ತು ಒಂದು ಕಾಲು ಬೇಕಾಯಿತು. ಜಗುಲಿಯಲ್ಲೇ ಬಿಟ್ಟೆ. ಬದಲಿಗೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಒಯ್ದೆ. ಹನ್ನೊಂದೂವರೆ ಕಿಲೋ ಎದೆಗೆ ತೂಗಿದರೆ ಹೆಗಲು ಬೇಡವೆನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡೂ ಕೈ ಖಾಲಿ.

ವಿಮಾನ ಮಧ್ಯಾಹ್ನ ಎರಡೂವರೆಗೆ. ಮೈದುನ ಬೆಳಿಗ್ಗೆ ಎಂಟಕ್ಕೇ ಕಾರು ತೆಗೆದ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೋಗುವ, ಬರುವ ವಾಹನಗಳಿಗೆಲ್ಲ ಹೊಸ ಸೇತುವೆಯೊಂದೇ ಗತಿ. ಯಾವ ಹೊತ್ತಿಗೆ ಎಷ್ಟು ಸಾಲು ಎಂದು ಹೇಳಲಾಗದು. ಅಂದು ಸೇತುವೆ ಸಲೀಸಾಗಿ ಸಿಕ್ಕಿತು. ಕೈಕೊಟ್ಟದ್ದು ಕಾಣಕೋಣದ ನಂತರದ ಕರಮಲ ಘಾಟಿನ ತಿರುವುಗಳು. ಮೂರನೆಯ ತಿರುವಿಗೆ ಮಗ ಬೆಳಗಿನ ದೋಸೆಯನ್ನೆಲ್ಲ ನನ್ನ ಮೇಲೆ ಕಾರಿದ. ಅವನಿಗೆ ಮೂರು ಜೊತೆ ಬಟ್ಟೆ ಕೈಚೀಲದಲ್ಲಿತ್ತು. ನನ್ನದು ಒಂದೂ ಇರಲಿಲ್ಲ, ಎಲ್ಲವೂ ಬೀಗ ಹಾಕಿದ ಸೂಟ್‌ಕೇಸಿನ ತಳದಲ್ಲಿ! ಮಡಗಾಂವಿನ ರಸ್ತೆ ಬದಿಯಲ್ಲಿ ಸೂಟ್‌ಕೇಸ್ ಬಿಚ್ಚಿ ಕುರ್ತಾ ಹುಡುಕಿದೆ. ಮಗುವಿಗೆ ಎಷ್ಟು ಜೊತೆ ಎಂದು ಎಲ್ಲರೂ ಹೇಳುತ್ತಾರೆ. ತಾಯಿಗೊಂದು ಅಂಗಿ ಎಂದು ನನಗೆ ಯಾರೂ ಹೇಳಿರಲಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ನಿಲ್ದಾಣದ ಬಾಗಿಲಲ್ಲಿ ಮೈದುನ ನಿಂತುಬಿಟ್ಟ. ಟಿಕೆಟ್ ಇಲ್ಲದವರಿಗೆ ಅಲ್ಲಿಂದ ಮುಂದೆ ಪ್ರವೇಶವಿಲ್ಲ. ಕಾವಲಿನವರಿಗೆ ಕೊರಳಿನ ಲಕೋಟೆ ಎತ್ತಿ ತೋರಿಸಿದೆ, ಒಳಗೆ ಬಿಟ್ಟರು. ಮೊಬೈಲಿನಲ್ಲಿ ಮೊದಲೇ ಚೆಕ್-ಇನ್ ಮಾಡಲು ಹೋದರೆ, ಮಡಿಲ ಮಗುವಿದೆ, ಕೌಂಟರಿಗೇ ಬನ್ನಿ ಎಂದಿತ್ತು. ಅಲ್ಲಿ ತೂಕದ ಯಂತ್ರ ಸೂಟ್‌ಕೇಸಿಗೆ 16.4 ಕಿಲೋ ತೋರಿಸಿತು. ಮಿತಿ 15. ಹೆಚ್ಚುವರಿ ಹಣ ಕಟ್ಟುವ ಬದಲು ನನ್ನ ಜಾಣತನ ಮತ್ತೆ ಎದ್ದಿತು. ಅತ್ತೆ ತಮ್ಮ ಮಗನಿಗೆಂದು ಕೊಟ್ಟಿದ್ದ ಇಶಾಡು ಮಾವಿನ ರಸದ ಬಾಟಲಿಯನ್ನು ಹೊರತೆಗೆದು ಕೈಚೀಲಕ್ಕೆ ಸೇರಿಸಿದೆ. ನಮ್ಮ ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಆ ಗೌರವ ಭದ್ರತಾ ತಪಾಸಣೆಯಲ್ಲಿ ನಡೆಯಲಿಲ್ಲ. ಒಂದೂವರೆ ಲೀಟರು ರಸ ಒಳಗೆ ಬಿಡಲಾಗದು ಎಂದರು. ಮಗುವಿನ ಹಾಲು, ಗಂಜಿ, ಸಿಪ್ಪರಿನ ನೀರು ಇವಕ್ಕೆ ಚಕಾರ ಎತ್ತಲಿಲ್ಲ. ಬಾಟಲಿಯನ್ನು ಅಲ್ಲಿಯೇ ಒಪ್ಪಿಸಿ ಬಂದೆ. ಅತ್ತೆಗೆ ಈವರೆಗೂ ಹೇಳಿಲ್ಲ.

ಕೈಗಳ ಲೆಕ್ಕ ಪೂರ್ತಿ ಉಲ್ಟಾ ಹೊಡೆದದ್ದೂ ತಪಾಸಣೆಯಲ್ಲೇ. ಕ್ಯಾರಿಯರ್ ಬಿಚ್ಚಿ ಯಂತ್ರದೊಳಗೆ ಹಾಕಬೇಕು, ಮಗುವನ್ನು ಕೈಯಲ್ಲಿ ಹಿಡಿಯಬೇಕು, ಅದೇ ಹೊತ್ತಿಗೆ ಮೊಬೈಲು, ಪವರ್ ಬ್ಯಾಂಕು ಟ್ರೇಗೆ ಇಡಬೇಕು. ನನ್ನ ಹಿಂದೆ ಸಾಲು ಬೆಳೆಯಿತು. ಅಷ್ಟರಲ್ಲಿ ಮಗನ ಕೆಂಪು ಬಸ್ಸನ್ನೂ ಟ್ರೇಗೆ ಹಾಕಲು ಹೇಳಿದರು. ಅಂಕೋಲೆ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಸ್ಸು, ನಿದ್ದೆಯಲ್ಲೂ ಬಿಡುವುದಿಲ್ಲ. ಅದು ಕಪ್ಪು ರಬ್ಬರಿನ ಪರದೆಯ ಹಿಂದೆ ಮರೆಯಾದದ್ದೇ ತಡ, ಅವನು ತೆಗೆದ ರಾಗಕ್ಕೆ ಪರದೆಯ ಗೂಡಿನೊಳಗಿದ್ದ ಮಹಿಳಾ ಸಿಬ್ಬಂದಿ ಹೊರಗೆ ಬಂದು ನೋಡಿದರು. ಅವನನ್ನು ಎತ್ತಿಕೊಂಡೇ ತಪಾಸಣೆ ಮುಗಿಸಿದೆ. ಆಚೆ ಬದಿಯಲ್ಲಿ ಬಸ್ಸು ಹೊರಬಂದಾಗ ಅವನು ಅದರ ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಈಗ ಮಾಡುವುದಾದರೆ ಸಾಲಿಗೆ ಸೇರುವ ಮೊದಲೇ ಬೆಂಚಿನ ಮೇಲೆ ಕುಳಿತು ಟ್ರೇಗೆ ಹೋಗಬೇಕಾದದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತೇನೆ, ಬಸ್ಸನ್ನು ಅವನಿಗೆ ಕಾಣದಂತೆ ತಳಕ್ಕೆ ಹಾಕುತ್ತೇನೆ.

ನನ್ನ ಶೌಚದ ವಿಷಯವನ್ನೂ ಬರೆದುಬಿಡುತ್ತೇನೆ. ಯಾರನ್ನೂ ಕೇಳಲು ಸಂಕೋಚವಾಗಿ ಬೆಳಗಿನಿಂದ ನೀರೇ ಕುಡಿಯದೆ ಹೋಗಿದ್ದೆ, ಮೇ ತಿಂಗಳ ಸೆಕೆಯಲ್ಲಿ. ಇದು ಮೂರ್ಖತನ. ನಿಲ್ದಾಣದಲ್ಲಿ ಮಗುವಿನ ಆರೈಕೆಗೆ ಪ್ರತ್ಯೇಕ ಕೋಣೆ ಇತ್ತು, ಡಯಾಪರ್ ಬದಲಿಸಲು ಹಲಗೆಯೂ ಇತ್ತು. ಮಗುವನ್ನು ಎದೆಗೆ ಕಟ್ಟಿಕೊಂಡೇ ಶೌಚಾಲಯಕ್ಕೆ ಹೋಗಿಬರಲು ಸಾಧ್ಯ ಎಂದು ಅಂದು ತಿಳಿಯಿತು. ಸೀರೆ ಉಟ್ಟಿದ್ದರೆ ಆಗುತ್ತಿರಲಿಲ್ಲ.

ಮಕ್ಕಳಿರುವವರು ಮೊದಲು ಹತ್ತಬಹುದು ಎಂದು ಕರೆದರು. ಸೀಟಿನಲ್ಲಿ ಹೆಚ್ಚು ಹೊತ್ತು ಕೂರಿಸಬೇಕಾಗುತ್ತದೆ, ಕೊನೆಗೆ ಹತ್ತುವುದೇ ಮೇಲು ಎನ್ನುವವರಿದ್ದಾರೆ. ಇಬ್ಬರಿದ್ದರೆ ಅದು ಸರಿ. ಒಬ್ಬಳೇ ಇದ್ದವಳಿಗೆ ಚೀಲ ಇಡುವ ಮೇಲಿನ ಗೂಡು ಖಾಲಿಯಿರುವುದು ಮುಖ್ಯ. ಕಿಟಕಿಯ ಸೀಟನ್ನೇ ಕೇಳಿ ಪಡೆದಿದ್ದೆ, ನಡುದಾರಿಯ ಕಡೆ ಬಿಸಿ ಚಹಾದ ಗಾಡಿ ಓಡಾಡುತ್ತದೆ, ಇವನ ಕೈ ಎಲ್ಲಿಗೂ ಹೋದೀತು. ಗಗನಸಖಿ ಬಂದು ಕ್ಯಾರಿಯರ್ ಬಿಚ್ಚಿಸಿ ಪುಟ್ಟ ಬೆಲ್ಟೊಂದನ್ನು ಕೊಟ್ಟರು. ಅದರ ಕುಣಿಕೆಯೊಳಗೆ ನನ್ನ ಬೆಲ್ಟ್ ತೂರಿಸಿ, ಪುಟ್ಟ ಬೆಲ್ಟನ್ನು ಮಗುವಿನ ಹೊಟ್ಟೆಗೆ ಸುತ್ತಬೇಕು. ಹಿಂದಿನ ಸಾಲಿನಲ್ಲಿದ್ದ, ಮಗುವಿದ್ದ ಇನ್ನೊಬ್ಬ ತಾಯಿ ನನ್ನ ಪಕ್ಕಕ್ಕೆ ಬರುತ್ತೇನೆ, ಜೊತೆಯಾಗುತ್ತದೆ ಎಂದರು. ಆಗದು ಎಂದರು ಗಗನಸಖಿ. ಮೂರು ಸೀಟಿನ ಸಾಲಿಗೆ ಮೇಲಿರುವ ಆಮ್ಲಜನಕದ ಮಾಸ್ಕ್ ನಾಲ್ಕು, ಮಡಿಲಲ್ಲಿ ಎರಡು ಮಕ್ಕಳಾದರೆ ಒಂದು ಕಡಿಮೆ ಬೀಳುತ್ತದಂತೆ. ಮಾಸ್ಕ್ ಇಳಿದರೆ ಮೊದಲು ನಾನು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಬೇಕೆಂದು ನನ್ನೊಬ್ಬಳಿಗೇ ಬಗ್ಗಿ ಇನ್ನೊಮ್ಮೆ ಹೇಳಿದರು.

ಕಿವಿಯ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಡಿಸಿಕೊಂಡೆ. ಕಿವಿಯ ಒಳಭಾಗದಿಂದ ಗಂಟಲ ಹಿಂದಕ್ಕೆ ಒಂದು ಸಣ್ಣ ನಾಳವಿದೆ, ನುಂಗಿದಾಗ ಅದು ತೆರೆದುಕೊಳ್ಳುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಅದರ ಮೂಲಕ ತಾನಾಗಿ ಹೊರಗೆ ಹೋಗುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು, ಅದು ಅಷ್ಟು ಸುಲಭವಲ್ಲ. ಮಕ್ಕಳಲ್ಲಿ ನಾಳ ಇನ್ನೂ ಕಿರಿದು. ಅಂದರೆ ಹಾಲನ್ನು ಇಳಿಯುವ ಹೊತ್ತಿಗೆ ಉಳಿಸಿಕೊಳ್ಳಬೇಕಿತ್ತು. ನಾನು ವಿಮಾನ ಓಡತೊಡಗಿದ ಕೂಡಲೇ ಗಾಬರಿಯಲ್ಲಿ ಬಾಟಲಿ ಬಾಯಿಗಿಟ್ಟೆ. ಅವನು ಪೂರ್ತಿ ಕುಡಿದು, ಬಸ್ಸನ್ನು ಕೆನ್ನೆಗೆ ಒತ್ತಿಕೊಂಡು ನಿದ್ದೆ ಹೋದ. ಒಂದೂ ಮುಕ್ಕಾಲು ಗಂಟೆ! ನಾನು ಗೆದ್ದೆ ಎಂದುಕೊಂಡು ಒಂದು ಕೈಯಲ್ಲಿ ಉಪ್ಪಿಟ್ಟನ್ನೂ ತಿಂದೆ.

ಇಳಿಯತೊಡಗಿದ್ದೇವೆ ಎಂಬ ಘೋಷಣೆ ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ಬರುತ್ತದೆ. ಎಬ್ಬಿಸಬೇಕಾದದ್ದು ಆಗ. ಮಲಗಿದ ಮಗುವನ್ನು ಎಬ್ಬಿಸಲು ಯಾವ ತಾಯಿಗೆ ಕೈ ಬರುತ್ತದೆ? ಸುಮ್ಮನಿದ್ದೆ. ಹತ್ತು ನಿಮಿಷಕ್ಕೆ ಅವನೇ ಎದ್ದ, ಎಡಗಿವಿ ಹಿಡಿದು ಚೀರಿಕೊಂಡು. ಹಾಲು ಖಾಲಿ. ಸಿಪ್ಪರನ್ನು ತಳ್ಳಿದ. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಆಗ ನೆನಪಾದದ್ದು ಚೀಲದ ಹೊರಜೇಬಿನಲ್ಲಿದ್ದ ಸುಕೇಳಿ. ಶಿರಸಿಯ ಅಮ್ಮ ಬಾಳೆಹಣ್ಣು ಒಣಗಿಸಿ ಕಳಿಸಿದ್ದು, ಅಂಟಂಟು, ಸಿಹಿ, ಬೇಗ ಕರಗುವಂಥದ್ದಲ್ಲ. ಉಗುರಿನಷ್ಟು ಸಣ್ಣದಾಗಿ ಚಿವುಟಿ ಬಾಯಿಗಿಟ್ಟೆ, ಗಂಟಲಿಗೆ ಸಿಕ್ಕಬಾರದಲ್ಲ. ಚೀರಾಟದ ನಡುವೆಯೇ ಜಗಿದ, ನುಂಗಿದ, ಮತ್ತೆ ಬಾಯಿ ತೆರೆದ. ಏಳನೆಯ ಚೂರಿಗೆ ಕಿವಿಯಿಂದ ಕೈ ಕೆಳಗಿಳಿಯಿತು. ನನ್ನ ಹೊಸ ಕುರ್ತಾದ ತೋಳಿಗೆಲ್ಲ ಬಾಳೆಯ ಅಂಟು.

ದೆಹಲಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸಾಮಾನು ಸಾಗಿಬರುವ ಬೆಲ್ಟಿನ ಮೇಲೆ ಸೂಟ್‌ಕೇಸ್ ಬಂದಾಗ ಪಕ್ಕದ ಹುಡುಗನಿಗೆ, "ತಮ್ಮಾ, ಅದೊಂದು ಇಳಿಸಿಕೊಡು" ಎಂದುಬಿಟ್ಟೆ, ಕನ್ನಡದಲ್ಲೇ. ಅವನು ಇಳಿಸಿಕೊಟ್ಟ. ಹೊರಗೆ ಕಾದಿದ್ದ ಪತಿ ಮಗನನ್ನು ಎತ್ತಿಕೊಳ್ಳಲು ಕೈ ಚಾಚಿ, ಎರಡನೆಯ ಮಾತಿಗೆ ಮಾವಿನ ರಸ ಕೇಳಿದರು.

ಮೂರು ವಾರದ ನಂತರ ವಾಪಸಾಗುವಾಗ ಅವನಿಗೆ ಸ್ವಂತ ಸೀಟು, ಸ್ವಂತ ಬೋರ್ಡಿಂಗ್ ಪಾಸ್. ಈ ಸಲ ಹಾಲನ್ನು ಮುಟ್ಟದೆ ಇಟ್ಟಿದ್ದೆ. ಸೀಟ್ ಬೆಲ್ಟಿನ ದೀಪ ಆರಿದ ಕ್ಷಣಕ್ಕೇ ಅವನು ಜಾರಿಕೊಂಡು ನನ್ನ ಮಡಿಲಿಗೆ ಬಂದ. ಪೂರ್ತಿ ಹಣ ಕೊಟ್ಟ ಸೀಟಿನಲ್ಲಿ ಗೋವಾ ಹತ್ತಿರವಾಗುವವರೆಗೂ ಕೆಂಪು ಬಸ್ಸು ಕುಳಿತು ಬಂದಿತು.