ಲುನೇರಿಯಾ ಗಿಡಕ್ಕೆ ಉಡುಪಿಯಲ್ಲಿ ಚಳಿ ಕೊಟ್ಟ ಕಥೆ

ಲುನೇರಿಯಾ ನಮ್ಮ ಒಗ್ಗರಣೆ ಸಾಸಿವೆಯ ಸಂಬಂಧಿ. ಇದರ ಒಂದು ಬಗೆ ಯುರೋಪಿನ ಬೆಟ್ಟಗಳಲ್ಲಿ, ಕಲ್ಲು ತುಂಬಿದ ತಂಪು ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ನಾನು ಬೀಜ ತರಿಸಿದ್ದು ತೋಟಗಳಲ್ಲಿ ಬೆಳೆಸುವ ಇನ್ನೊಂದು ಬಗೆಯದ್ದು. ಅದು ಮೊದಲ ವರ್ಷ ಬರೀ ಎಲೆ ಬಿಡುತ್ತದೆ, ಚಳಿಗಾಲ ಕಳೆದ ಮೇಲೆ ಹೂ.

ಮೊದಲ ಸಲ ಜೂನ್‌ನಲ್ಲಿ ಅಂಗಳದಲ್ಲೇ ಬಿತ್ತಿದೆ. ಆಟಿಯ ಮಳೆಗೆ ಬುಡ ಕೊಳೆತು ಎಲ್ಲಾ ಹೋಯಿತು. ಮರುವರ್ಷ ಮಳೆ ನಿಂತ ಮೇಲೆ ಚಟ್ಟಿಯಲ್ಲಿ ಬಿತ್ತಿದೆ, ಮುರಕಲ್ಲಿನ ಚೂರು ಅಡಿಗೆ ಹಾಕಿ, ಮೇಲೆ ಸುಡುಮಣ್ಣು ಮತ್ತು ಮರಳು. ಎಲೆ ಚೆನ್ನಾಗಿಯೇ ಬಂತು, ಹೂ ಮಾತ್ರ ಇಲ್ಲ. ಏಪ್ರಿಲ್ ಸೆಕೆಗೆ ಗಿಡಗಳು ಬಾಡಿ ಸತ್ತವು. ತುಂಬ ಬೇಜಾರಾಯಿತು.

ನನ್ನ ತಪ್ಪು ಎಲ್ಲಿ ಅಂದರೆ, ಬಿತ್ತುವ ಮೊದಲು ಬೀಜವನ್ನು ಫ್ರಿಜ್‌ನಲ್ಲಿಟ್ಟರೆ ಸಾಕು ಅಂದುಕೊಂಡಿದ್ದೆ. ಇದಕ್ಕೆ ಚಳಿ ಬೇಕಾದದ್ದು ಬೆಳೆದ ಗಿಡಕ್ಕೆ, ಅದೂ ವಾರಗಟ್ಟಲೆ. ಉಡುಪಿಯಲ್ಲಿ ಅಂಥ ಚಳಿ ಎಲ್ಲಿಂದ ತರುವುದು?

ಭಾವನ ಅಂಗಡಿಯಲ್ಲಿ ಗಾಜಿನ ಬಾಗಿಲಿನ ಕೂಲರ್ ಇದೆ, ಒಳಗೆ ಟ್ಯೂಬ್‌ಲೈಟ್. ಮಳೆಗಾಲದಲ್ಲಿ ತಂಪು ಪಾನೀಯ ಯಾರೂ ಕೇಳುವುದಿಲ್ಲ, ಕೆಳಗಿನ ಶೆಲ್ಫ್ ಖಾಲಿ. ಹಾಗಾಗಿ ಮೂರನೇ ಸಲ ಮೇ ಕೊನೆಗೆ ಮಾಡಿನ ಅಡಿಯಲ್ಲೇ ಬಿತ್ತಿ, ಆಗಸ್ಟ್ ಶುರುವಿಗೆ ಏಳೆಂಟು ಎಲೆ ಬಂದ ಮೂರು ಗಿಡಗಳನ್ನು ಅಲ್ಲಿಟ್ಟೆ. ಐದಾರು ಡಿಗ್ರಿ, ಹತ್ತು ವಾರ. ದಿನವಿಡೀ ಲೈಟ್ ಉರಿಯುತ್ತಿತ್ತು. ನೀರು ವಾರಕ್ಕೆ ಎರಡು ಚಮಚ ಮಾತ್ರ, ಜಾಸ್ತಿ ಹಾಕಿದ ಒಂದು ಗಿಡ ಅಲ್ಲೇ ಕೊಳೆಯಿತು. ಹೊರಗೆ ತಂದ ಮೇಲೆ ಒಂದು ವಾರ ಮನೆಯೊಳಗೆ, ಆಮೇಲೆ ಬಿಸಿಲು ಬೀಳದ ಉತ್ತರದ ಜಗಲಿಯಲ್ಲಿ.

ಡಿಸೆಂಬರ್‌ನಲ್ಲಿ ಉಳಿದ ಎರಡರಲ್ಲಿ ಒಂದು ದಂಟು ಬಿಟ್ಟಿತು! ನೇರಳೆ ಹೂ, ನಾಲ್ಕೇ ಎಸಳು, ಅಡ್ಡ ಉದ್ದ ಜೋಡಿಸಿದ ಹಾಗೆ. ಒಳಗೆ ಆರು ಕೇಸರ, ನಾಲ್ಕು ಉದ್ದ ಎರಡು ಗಿಡ್ಡ. ಸಾಸಿವೆ ಹೂ ಕಿತ್ತು ಪಕ್ಕದಲ್ಲಿಟ್ಟು ನೋಡಿದೆ, ಲೆಕ್ಕ ಒಂದೇ.

ಕಾಯಿ ಚಪ್ಪಟೆ, ಹಳೇ ರೂಪಾಯಿ ನಾಣ್ಯದ ಹಾಗೆ. ಮಾರ್ಚ್‌ನಲ್ಲಿ ಒಣಗಿದ ಮೇಲೆ ಎರಡೂ ಬದಿಯ ಸಿಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲ ಉಜ್ಜಿ ತೆಗೆದರೆ ಬೀಜ ಉದುರಿ, ನಡುವಿನ ತೆಳು ಪೊರೆ ಬೆಳ್ಳಿಯಂತೆ ಹೊಳೆಯುತ್ತದೆ. ಲುನಾ ಅಂದರೆ ಲ್ಯಾಟಿನ್‌ನಲ್ಲಿ ಚಂದ್ರ, ಹೆಸರು ಅಲ್ಲಿಂದಲೇ ಬಂದದ್ದು. ಒಂದು ಪೊರೆಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ಸುಮ್ನೆ ನಿಂತಿದ್ದೆ.

ಆರು ಬೀಜ ಸಿಕ್ಕಿವೆ. ಮೇ ಕೊನೆಗೆ ಬಿತ್ತುತ್ತೇನೆ, ಕೆಳಗಿನ ಶೆಲ್ಫ್ ಬೇಕು ಅಂತ ಭಾವನಿಗೆ ಈಗಲೇ ಹೇಳಿಟ್ಟಿದ್ದೇನೆ.