ಡಾಂಗಲ್ ಎಲ್ಲಿಡಬೇಕು ಅನ್ನುವುದೇ ಅರ್ಧ ಕೆಲಸ

ನನ್ನ ಕೆಲಸ ಒಂದೇ ಕಡೆ ಕೂತು ಮಾಡುವಂಥದ್ದಲ್ಲ. ಹಾಗಾಗಿ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಡಾಂಗಲ್, ಅಂದರೆ ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಕೊಡುವ ಪುಟ್ಟ ಮೋಡೆಮ್, ಇದ್ದೇ ಇರುತ್ತದೆ. ಫೋನಿನ ಹಾಟ್‌ಸ್ಪಾಟ್ ಇರುವಾಗ ಇದ್ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಹಾಟ್‌ಸ್ಪಾಟ್ ಹಾಕಿದರೆ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದು ಇರಲಿ. ಫೋನ್ ನನ್ನ ಜೊತೆಯಲ್ಲೇ ಓಡಾಡಬೇಕು. ಡಾಂಗಲನ್ನು ಮಾತ್ರ ಸಿಗ್ನಲ್ ಚೆನ್ನಾಗಿರುವ ಜಾಗ ನೋಡಿ ಅಲ್ಲೇ ಬಿಟ್ಟುಬಿಡಬಹುದು.

ಆ ಜಾಗ ಹುಡುಕುವುದರಲ್ಲೇ ಎಲ್ಲ ಇದೆ. ಡಬ್ಬದ ಮೇಲೆ 150 ಎಂಬಿಪಿಎಸ್ (ಸೆಕೆಂಡಿಗೆ 150 ಮೆಗಾಬಿಟ್ ವೇಗ) ಅಂತ ಬರೆದಿರುತ್ತದೆ. 4ಜಿ ಡಾಂಗಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ ಅದು. ಟವರ್ ಪೂರ್ತಿ ನಿಮಗೊಬ್ಬರಿಗೇ ಸಿಕ್ಕಿ, ಸಿಗ್ನಲ್ ಬಹಳ ಚೆನ್ನಾಗಿದ್ದರೆ ಮಾತ್ರ ಅದರ ಹತ್ತಿರ ಹೋಗಬಹುದು.

ಸಿಗ್ನಲ್ ಕಡ್ಡಿಗಳನ್ನು ನಾನು ನೋಡುವುದೇ ಇಲ್ಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನುವುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಥರ ಇಟ್ಟಿರುತ್ತಾರೆ. ಅದರ ಬದಲು ಬ್ರೌಸರ್‌ನಲ್ಲಿ ಮೋಡೆಮ್‌ನ ಪುಟ ತೆರೆಯುತ್ತೇನೆ. ವಿಳಾಸ 192.168.8.1 ಅಥವಾ 192.168.1.1 ಥರ ಇರುತ್ತದೆ, ಸಾಮಾನ್ಯವಾಗಿ ಡಾಂಗಲ್ ಮೇಲೋ ಡಬ್ಬದಲ್ಲೋ ಅಚ್ಚಾಗಿರುತ್ತದೆ. ಅಲ್ಲಿ ನನಗೆ ಬೇಕಾದದ್ದು ಎರಡೇ ಸಂಖ್ಯೆ. ಒಂದು ಆರ್‌ಎಸ್‌ಆರ್‌ಪಿ, ಅಂದರೆ ಟವರಿನ ಸಿಗ್ನಲ್ ಎಷ್ಟು ಬಲವಾಗಿ ಬರುತ್ತಿದೆ ಅನ್ನುವುದು. ಇದು ಮೈನಸ್‌ನಲ್ಲಿ ಇರುತ್ತದೆ. -80 ಡಿಬಿಎಂ ಇದ್ದರೆ ಖುಷಿ, -100ಕ್ಕಿಂತ ಕೆಳಗೆ ಇಳಿದರೆ ದುರ್ಬಲ, -115 ಹತ್ತಿರ ಹೋದರೆ ಸಂಪರ್ಕ ಯಾವಾಗ ಬೇಕಾದರೂ ಕಡಿಯಬಹುದು. 3 ಡಿಬಿ ಏರಿದರೆ ಸಿಗ್ನಲ್ ಶಕ್ತಿ ಎರಡರಷ್ಟಾಯಿತು ಅಂತ ಅರ್ಥ.

ಇನ್ನೊಂದು ಎಸ್‌ಐಎನ್‌ಆರ್, ಅಂದರೆ ಸುತ್ತಲಿನ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜಾಸ್ತಿ ಇದೆ ಅನ್ನುವುದು. ನನ್ನ ಮಟ್ಟಿಗೆ ಇದೇ ಹೆಚ್ಚು ಮುಖ್ಯ. ಗದ್ದಲದ ನಡುವೆ ಯಾರೋ ಜೋರಾಗಿ ಕೂಗಿದರೂ ಮಾತು ತಿಳಿಯುವುದಿಲ್ಲ, ಅಲ್ವಾ? ಹಾಗೆಯೇ ಸಿಗ್ನಲ್ ಬಲವಾಗಿದ್ದರೂ ಪಕ್ಕದ ಟವರುಗಳ ಗದ್ದಲ ಜಾಸ್ತಿ ಇದ್ದರೆ ಪುಟ ತೆರೆಯಲು ಒದ್ದಾಡುತ್ತದೆ. 20ರ ಮೇಲಿದ್ದರೆ ಅದ್ಭುತ. ಸೊನ್ನೆಗೆ ಇಳಿದರೆ ಬೇರೆ ಜಾಗ ನೋಡಿ.

ಡಾಂಗಲನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಒಂದು ಮೀಟರಿನ ಒಳ್ಳೆಯ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಕಿಟಕಿಯತ್ತ ಒಯ್ಯುತ್ತೇನೆ. ಯುಎಸ್‌ಬಿ 3 ಪೋರ್ಟ್‌ನಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಡುತ್ತದೆ. 2300 ಮೆಗಾಹರ್ಟ್ಸ್‌ನ 4ಜಿ ಬ್ಯಾಂಡ್ ಅದರ ಪಕ್ಕದಲ್ಲೇ ಇದೆ. ಹಾಗಾಗಿ ದೂರ ಇದ್ದಷ್ಟೂ ಒಳ್ಳೆಯದು. ಕಿಟಕಿಯಲ್ಲೂ ಸುಮ್ನೆ ಇಟ್ಟು ಬರುವುದಲ್ಲ. 1800 ಮೆಗಾಹರ್ಟ್ಸ್‌ನ 4ಜಿ ಅಲೆಯ ಉದ್ದ ಸುಮಾರು 17 ಸೆಂಟಿಮೀಟರ್. ಗೋಡೆಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಕೆಲವು ಕಡೆ ಹೆಚ್ಚಿಸುತ್ತವೆ, ಕೆಲವು ಕಡೆ ಅಳಿಸುತ್ತವೆ. ಹಾಗಾಗಿ ಗೇಣಿನಷ್ಟು ಸರಿಸಿದರೂ ಸಂಖ್ಯೆ ಬದಲಾಗುತ್ತದೆ. ಸರಿಸಿ, ಕೆಲವು ಸೆಕೆಂಡ್ ಕಾದು, ಮತ್ತೆ ನೋಡುವುದು. ನಿಲ್ಲಿಸಿ ಒಮ್ಮೆ, ಮಲಗಿಸಿ ಒಮ್ಮೆ. ಗಾಜಿಗೆ ಬಿಸಿಲು ತಡೆಯುವ ಲೋಹದ ಲೇಪ ಇದ್ದರೆ ಮಾತ್ರ ಕಿಟಕಿಯೂ ಗೋಡೆಯಂತೆಯೇ. ಆಗ ಬಾಗಿಲು ತೆರೆದಿಡುವುದೇ ವಾಸಿ.

ಕೇಬಲ್ ಅಗ್ಗದ್ದು, ಸಣಕಲು ಆಗಬಾರದು. ಸಿಗ್ನಲ್ ಕಡಿಮೆ ಇದ್ದಲ್ಲಿ ಮೋಡೆಮ್ ಟವರಿಗೆ ಜೋರಾಗಿ ಕೂಗಬೇಕು, ಅದಕ್ಕೆ ಜಾಸ್ತಿ ಕರೆಂಟ್ ಬೇಕು. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್. ಉದ್ದನೆಯ ಸಣಕಲು ಕೇಬಲ್‌ನಲ್ಲಿ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಆಗ ಡಾಂಗಲ್ ತಾನೇ ಆಫ್ ಆಗಿ ಆನ್ ಆಗುತ್ತದೆ. ನೆಟ್‌ವರ್ಕ್ ಸರಿಯಿಲ್ಲ ಅಂತ ಬೈಯುವ ಎಷ್ಟೋ ಸಲ ತಪ್ಪು ಈ ಕೇಬಲ್‌ನದ್ದೇ.

ಜಾಗ ಗೊತ್ತಾದ ಮೇಲೆ ಸ್ಪೀಡ್ ಟೆಸ್ಟ್ ಓಡಿಸುತ್ತಾ ಕೂರುವುದಿಲ್ಲ. 50 ಎಂಬಿಪಿಎಸ್‌ನಲ್ಲಿ (ಎಂಟು ಮೆಗಾಬಿಟ್‌ಗೆ ಒಂದು ಎಂಬಿ) 10 ಸೆಕೆಂಡ್ ಓಡಿದರೆ 60 ಎಂಬಿಗಿಂತ ಜಾಸ್ತಿ ಡೇಟಾ ಹೋಯಿತು. ಪಿಂಗ್, ಅಂದರೆ ಒಂದು ಸರ್ವರ್‌ಗೆ ಚಿಕ್ಕ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಅಳೆಯುವ ಆದೇಶ, ಹಾಕಿಟ್ಟರೆ ಸಾಕು. ಉತ್ತರ ಬರುವ ಸಮಯ ಒಂದೇ ಸಮ ಇದ್ದರೆ ವಿಡಿಯೋ ಕಾಲ್ ನಡೆಯುತ್ತದೆ. ಸಮಯ ಎಗರಾಡುತ್ತಿದ್ದರೆ ಎಷ್ಟು ವೇಗ ಇದ್ದರೂ ಕಾಲ್‌ನಲ್ಲಿ ಮಾತು ತುಂಡಾಗುತ್ತದೆ. ವಿಂಡೋಸ್‌ನಲ್ಲಿ ಈ ಸಂಪರ್ಕವನ್ನು ಮೀಟರ್ಡ್ (ಡೇಟಾಗೆ ಮಿತಿ ಇರುವುದು) ಅಂತ ಗುರುತು ಮಾಡುತ್ತೇನೆ. ಇಲ್ಲದಿದ್ದರೆ ಅಪ್‌ಡೇಟ್‌ಗಳೇ ಡೇಟಾ ನುಂಗಿಬಿಡುತ್ತವೆ.

ಸಿಗ್ನಲ್ ಚೆನ್ನಾಗಿದ್ದೂ ಇಂಟರ್‌ನೆಟ್ ಬರದಿದ್ದರೆ ಮೊದಲು ಎಪಿಎನ್, ಅಂದರೆ ಸಿಮ್ ಕಂಪನಿಯ ಇಂಟರ್‌ನೆಟ್‌ಗೆ ಸೇರಲು ಮೋಡೆಮ್‌ನಲ್ಲಿ ಹಾಕುವ ಹೆಸರು, ನೋಡುತ್ತೇನೆ. ಸಿಮ್ ಬದಲಾಯಿಸಿದಾಗ ಹಳೆಯದೇ ಉಳಿದಿರುತ್ತದೆ. ಲಿನಕ್ಸ್‌ನಲ್ಲಿ ಕೆಲವು ಡಾಂಗಲ್‌ಗಳು ಬರೀ ಸಿಡಿ ಡ್ರೈವ್ ಆಗಿ ಕಾಣಿಸುತ್ತವೆ, ಡ್ರೈವರ್ ಇಟ್ಟಿರುವ ಭಾಗ ಅದು. ಯುಎಸ್‌ಬಿ ಮೋಡ್‌ಸ್ವಿಚ್ ಅನ್ನುವ ಪ್ರೋಗ್ರಾಂ ಹಾಕಿದರೆ ಸಾಮಾನ್ಯವಾಗಿ ಮೋಡೆಮ್ ಆಗಿ ಬದಲಾಗುತ್ತದೆ.

ಹೊರಗಿನ ಆಂಟೆನಾ ಬೇಕಾ ಅಂತ ಕೇಳಿದರೆ, ಮೊದಲು ಕೇಬಲ್ ಹಾಕಿ ಮನೆಯೆಲ್ಲ ಸುತ್ತಿ ನೋಡಿ ಅನ್ನುತ್ತೇನೆ. ಆಮೇಲೂ ಬೇಕೆನಿಸಿದರೆ ಡಾಂಗಲ್‌ಗೆ ಟಿಎಸ್‌9 ಅಥವಾ ಸಿಆರ್‌ಸಿ9 ಅನ್ನುವ, ಆಂಟೆನಾ ಚುಚ್ಚುವ ಪಿನ್ ಇದೆಯಾ ನೋಡಿಕೊಳ್ಳಿ. ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ.